ಪ್ರಿಂಟ್ ಸಾಲಿನಲ್ಲಿ ಅಡಗಿ ಕೂತ ಡಿಸ್ಕ್: ಆಪಲ್ ಟೂ ಡಾಸ್ 3.3ಕ್ಕೆ ಪ್ರೋಗ್ರಾಂ ಬರೆಯುವ ಸಮಗ್ರ ಮಾರ್ಗದರ್ಶಿ

ಆಪಲ್ ಟೂ ಕಂಪ್ಯೂಟರ್‌ನಲ್ಲಿ ಡಿಸ್ಕ್‌ಗೆ ಏನಾದರೂ ಬರೆಯಬೇಕೆಂದರೆ ಅದನ್ನು ಪ್ರಿಂಟ್ ಮಾಡಬೇಕು. ಫೈಲ್ ತೆರೆಯಬೇಕೇ? ಪ್ರಿಂಟ್. ಮುಚ್ಚಬೇಕೇ? ಅದಕ್ಕೂ ಪ್ರಿಂಟ್. ಮೊದಲ ಸಲ ಇಂಥ ಪ್ರೋಗ್ರಾಂ ಓದಿದಾಗ ಯಾರೋ ತಪ್ಪಾಗಿ ಟೈಪ್ ಮಾಡಿದ್ದಾರೆ ಅಂದುಕೊಂಡಿದ್ದೆ. ಕಾರಣ ತಿಳಿದ ಮೇಲೆ ಡಾಸ್ 3.3ರ (ಆ ಯಂತ್ರದಲ್ಲಿ ಡಿಸ್ಕ್ ನೋಡಿಕೊಳ್ಳುವ ಸಾಫ್ಟ್‌ವೇರ್) ಅರ್ಧ ವಿಚಿತ್ರಗಳು ತಾವಾಗಿಯೇ ಬಿಡಿಸಿಕೊಂಡವು. ಹಾಗಾಗಿ ಕಾರಣವನ್ನೇ ಮೊದಲು ಹೇಳಿಬಿಡುತ್ತೇನೆ.

1977ರಲ್ಲಿ ಆಪಲ್ ಟೂ ಬಂದಾಗ ಅದರ ಸಂಗ್ರಹ ಎಂದರೆ ಕ್ಯಾಸೆಟ್ ಟೇಪ್. ಯಂತ್ರದ ರೋಮ್‌ನಲ್ಲಿದ್ದ (ಓದಲು ಮಾತ್ರ ಬರುವ, ಬದಲಿಸಲಾಗದ ಮೆಮೊರಿ) ಬೇಸಿಕ್ ಭಾಷೆಗೆ ಡಿಸ್ಕ್ ಎಂಬುದೊಂದಿದೆ ಎಂದೇ ಗೊತ್ತಿರಲಿಲ್ಲ. ಆಪಲ್‌ನ ಸಹಸ್ಥಾಪಕ ಸ್ಟೀವ್ ವೋಜ್ನಿಯಾಕ್ ಡಿಸ್ಕ್ ಟೂ ಡ್ರೈವ್‌ಗೆ ಬೆರಳೆಣಿಕೆಯ ಚಿಪ್‌ಗಳಲ್ಲಿ ಕಂಟ್ರೋಲರ್ ಕಾರ್ಡ್ ಮಾಡಿದರು. ಸಾಫ್ಟ್‌ವೇರ್ ಕೆಲಸ ಶೆಪರ್ಡ್‌ಸನ್ ಮೈಕ್ರೋಸಿಸ್ಟಮ್ಸ್ ಎಂಬ ಸಣ್ಣ ಸಂಸ್ಥೆಗೆ ಹೋಯಿತು; ಬರೆದವರು ಪಾಲ್ ಲಾಟನ್. 1978ರ ಏಪ್ರಿಲ್ 10ರ ಒಪ್ಪಂದ, 13,000 ಡಾಲರ್, 35 ದಿನಗಳ ಗಡುವು. ಅದೇ ಜೂನ್‌ನಲ್ಲಿ ಡಾಸ್ 3.1 ಹೊರಬಂತು; 1980ರಲ್ಲಿ 3.3.

ಈಗಾಗಲೇ ರೋಮ್‌ನಲ್ಲಿ ಸುಟ್ಟು ಕೂತಿರುವ ಬೇಸಿಕ್‌ಗೆ ಹೊಸ ಕಮಾಂಡ್ ಸೇರಿಸುವುದು ಹೇಗೆ? ಡಾಸ್ ಒಂದು ಸಂದು ಹುಡುಕಿಕೊಂಡಿತು. ಪರದೆಗೆ ಹೋಗುವ ಪ್ರತಿಯೊಂದು ಅಕ್ಷರವೂ ಮೆಮೊರಿಯ 54 ಮತ್ತು 55ನೇ ಬೈಟ್‌ಗಳಲ್ಲಿರುವ ವಿಳಾಸದ ಮೂಲಕ ಹಾಯುತ್ತದೆ. ಕೀಬೋರ್ಡ್‌ನಿಂದ ಬರುವುದು 56 ಮತ್ತು 57ರ ಮೂಲಕ. ಡಾಸ್ ಅಲ್ಲಿ ತನ್ನ ವಿಳಾಸ ಬರೆದು ಕೂತಿತು. ಅಂದಿನಿಂದ ನಿಮ್ಮ ಪ್ರೋಗ್ರಾಂ ಆಡುವ ಪ್ರತಿ ಮಾತನ್ನೂ ಅದು ಬಾಗಿಲ ಮರೆಯಲ್ಲಿ ಕಿವಿಗೊಟ್ಟು ಕೇಳುತ್ತಿರುತ್ತದೆ. ಸಾಲಿನ ಮೊದಲ ಅಕ್ಷರ ಕಂಟ್ರೋಲ್-ಡಿ, ಅಂದರೆ 4ನೇ ಸಂಕೇತ, ಆಗಿದ್ದರೆ ಆ ಸಾಲು ತನಗೆ ಎಂದುಕೊಳ್ಳುತ್ತದೆ. ಇಲ್ಲದಿದ್ದರೆ ಅದನ್ನು ಮುಂದಕ್ಕೆ ಬಿಟ್ಟುಕೊಡುತ್ತದೆ.

ಬರವಣಿಗೆಯ ಬಗ್ಗೆ ಒಂದು ಮಾತು. ಇಲ್ಲಿ ಪ್ರೋಗ್ರಾಂ ಸಾಲುಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಅದೇ ಪದಗಳನ್ನು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಹೊಡೆಯಿರಿ: ಡಿ$ ಎಂದರೆ ಡಿ ಅಕ್ಷರ ಮತ್ತು ಡಾಲರ್ ಚಿಹ್ನೆ, ಸಿಎಚ್‌ಆರ್$ ಎಂದರೆ ಆ ಮೂರು ಅಕ್ಷರ ಮತ್ತು ಡಾಲರ್. ಫೈಲ್ ಹೆಸರು "ಸಂತೆ" ಎಂದಿದ್ದರೆ ಅದನ್ನೂ ಇಂಗ್ಲಿಷ್ ಅಕ್ಷರದಲ್ಲೇ ಕೊಡಬೇಕು. ಪಾಪ, ಆ ಯಂತ್ರಕ್ಕೆ ಮೊದಮೊದಲು ಇಂಗ್ಲಿಷಿನ ಸಣ್ಣಕ್ಷರಗಳೇ ಬರುತ್ತಿರಲಿಲ್ಲ. ಸಂಖ್ಯೆಗಳನ್ನು ಹದಿನಾರರ ಲೆಕ್ಕದಲ್ಲಿ ಕೊಡದೆ ದಶಮಾನದಲ್ಲೇ ಕೊಟ್ಟಿದ್ದೇನೆ. ಬೇಸಿಕ್‌ನಲ್ಲಿ ಮೆಮೊರಿಯ ಬೈಟ್ ಓದುವ ಪೀಕ್, ಬರೆಯುವ ಪೋಕ್‌ಗಳಿಗೆ ಬೇಕಾದದ್ದೂ ಅದೇ.

ಸಿದ್ಧತೆ

ನಿಜವಾದ ಯಂತ್ರ ಸಿಕ್ಕರೆ ಅದೃಷ್ಟ. ಇಲ್ಲದಿದ್ದರೆ ವಿಂಡೋಸ್‌ನಲ್ಲಿ ಆಪಲ್‌ವಿನ್, ಮ್ಯಾಕ್‌ನಲ್ಲಿ ವರ್ಚುಯಲ್ ಟೂ ಎಂಬ ಎಮ್ಯುಲೇಟರ್ (ಹಳೆಯ ಯಂತ್ರವನ್ನು ಅನುಕರಿಸುವ ಪ್ರೋಗ್ರಾಂ) ಸಾಕು. ಡ್ರೈವ್ 1ಕ್ಕೆ ಡಾಸ್ 3.3 ಸಿಸ್ಟಮ್ ಮಾಸ್ಟರ್ ಡಿಸ್ಕ್ ಹಾಕಿ, ಡ್ರೈವ್ 2ಕ್ಕೆ ಖಾಲಿ ಡಿಸ್ಕ್ ಇಮೇಜ್ ಹಾಕಿ, ಬೂಟ್ ಮಾಡಿ. ನಿಜವಾದ ಡ್ರೈವ್ ಆದರೆ ಶುರುವಿನಲ್ಲಿ ಕಟಕಟ ಎಂದು ಗಾಬರಿ ಹುಟ್ಟಿಸುವ ಸದ್ದು ಬರುತ್ತದೆ; ಕೆಟ್ಟಿಲ್ಲ, ಹೆದರಬೇಡಿ. ಡಿಸ್ಕ್ ಓದಿ ಬರೆಯುವ ಹೆಡ್ ಎಲ್ಲಿದೆ ಎಂದು ತಿಳಿಸುವ ಸೆನ್ಸರ್ ಆ ಡ್ರೈವ್‌ನಲ್ಲಿ ಇಲ್ಲ. ಹಾಗಾಗಿ ಹೆಡ್ಡನ್ನು ಒಂದೇ ದಿಕ್ಕಿಗೆ ತಳ್ಳಿ ತಳ್ಳಿ, ಗೋಡೆಗೆ ಬಡಿದ ಮೇಲೆ "ಇದೇ ಸೊನ್ನೆ" ಎಂದುಕೊಳ್ಳುತ್ತದೆ.

ಪರದೆಯಲ್ಲಿ ಚೌಕ ಆವರಣದ ಗುರುತು ಬಂದರೆ ನೀವು ಆಪಲ್‌ಸಾಫ್ಟ್ ಬೇಸಿಕ್‌ನಲ್ಲಿದ್ದೀರಿ. ಈಗ ಕೆಲಸದ ಡಿಸ್ಕ್ ತಯಾರಿಸೋಣ:

ನ್ಯೂ
10 ಪ್ರಿಂಟ್ "ನಮಸ್ಕಾರ"
ಇನಿಟ್ ಹಲೋ,ಡಿ2

ಮೆಮೊರಿಯಲ್ಲಿರುವ ಪ್ರೋಗ್ರಾಂ ಹಲೋ ಎಂಬ ಹೆಸರಲ್ಲಿ ಕೂತುಕೊಳ್ಳುತ್ತದೆ, ಆ ಡಿಸ್ಕ್ ಬೂಟ್ ಆದಾಗಲೆಲ್ಲ ತಾನಾಗಿ ಓಡುತ್ತದೆ. ಇಲ್ಲಿ ಎರಡು ಎಚ್ಚರಿಕೆ. ಇನಿಟ್ ಕಮಾಂಡ್ "ನಿಜವಾಗಿಯೂ ಅಳಿಸಲೇ?" ಎಂದು ಕೇಳುವ ಜಾತಿಯದಲ್ಲ, ಡಿ2 ಬರೆಯುವುದು ಮರೆತರೆ ಮಾಸ್ಟರ್ ಡಿಸ್ಕೇ ಹೋಗುತ್ತದೆ. ಎರಡನೆಯದು, ಒಮ್ಮೆ ಡಿ2 ಎಂದರೆ ಡಾಸ್ ಅದನ್ನೇ ನೆನಪಿಟ್ಟುಕೊಂಡು ಮುಂದಿನ ಎಲ್ಲ ಕಮಾಂಡ್‌ಗಳನ್ನೂ ಎರಡನೇ ಡ್ರೈವ್‌ಗೇ ಕಳಿಸುತ್ತದೆ. ನಮಗೀಗ ಬೇಕಿರುವುದೂ ಅದೇ.

ಕ್ಯಾಟಲಾಗ್ ಎಂದು ಹೊಡೆದು ನೋಡಿ. ಡಿಸ್ಕ್ ವಾಲ್ಯೂಮ್ 254, ಅದರ ಕೆಳಗೆ ಎ 002 ಹಲೋ ಎಂದು ಕಾಣಬೇಕು. ಎ ಎಂದರೆ ಆಪಲ್‌ಸಾಫ್ಟ್ ಪ್ರೋಗ್ರಾಂ, ಟಿ ಎಂದರೆ ಟೆಕ್ಸ್ಟ್, ಬಿ ಎಂದರೆ ಬೈನರಿ, ಐ ಎಂದರೆ ಹಳೆಯ ಇಂಟಿಜರ್ ಬೇಸಿಕ್. 002 ಎಂಬುದು ಆ ಫೈಲ್ ಹಿಡಿದಿರುವ ಸೆಕ್ಟರ್‌ಗಳ (ಡಿಸ್ಕ್‌ನ 256 ಬೈಟ್‌ಗಳ ತುಂಡುಗಳ) ಸಂಖ್ಯೆ.

ಮೊದಲ ಫೈಲ್

ಸಂತೆಗೆ ಹೊರಟವರ ಚೀಟಿಯೊಂದನ್ನು ಡಿಸ್ಕ್‌ಗೆ ಬರೆಯೋಣ.

10 ಡಿ$ = ಸಿಎಚ್‌ಆರ್$(4)
20 ಪ್ರಿಂಟ್ ಡಿ$;"ಓಪನ್ ಸಂತೆ"
30 ಪ್ರಿಂಟ್ ಡಿ$;"ಡಿಲೀಟ್ ಸಂತೆ"
40 ಪ್ರಿಂಟ್ ಡಿ$;"ಓಪನ್ ಸಂತೆ"
50 ಪ್ರಿಂಟ್ ಡಿ$;"ರೈಟ್ ಸಂತೆ"
60 ಫಾರ್ ಐ = 1 ಟು 3: ರೀಡ್ ಎ$,ಪಿ: ಪ್ರಿಂಟ್ ಎ$: ಪ್ರಿಂಟ್ ಪಿ: ನೆಕ್ಸ್ಟ್
70 ಪ್ರಿಂಟ್ ಡಿ$;"ಕ್ಲೋಸ್ ಸಂತೆ"
80 ಡೇಟಾ ರಾಗಿ,5,ಜೋಳ,3,ಬೆಲ್ಲ,1

ತೆರೆದು, ಅಳಿಸಿ, ಮತ್ತೆ ತೆರೆಯುವ ಈ ಸರ್ಕಸ್ ಯಾಕೆ? ಡಾಸ್ 3.3 ಹಳೆಯ ಫೈಲ್ ಮೇಲೆ ಬರೆಯುವಾಗ ಅದನ್ನು ಖಾಲಿ ಮಾಡುವುದಿಲ್ಲ. ನಿನ್ನೆಯ ಚೀಟಿಯಲ್ಲಿ ಹತ್ತು ಸಾಮಾನು, ಇಂದಿನದರಲ್ಲಿ ಮೂರು ಇದ್ದರೆ, ಮೂರರ ಬಾಲಕ್ಕೆ ನಿನ್ನೆಯ ಏಳು ನೇತಾಡುತ್ತಿರುತ್ತವೆ. ಡಿಲೀಟ್ ಮಾಡಿದರೆ ಆ ಕಾಟ ಇಲ್ಲ. ಮೊದಲ ಓಪನ್ ಇರುವುದು, ಫೈಲ್ ಇಲ್ಲದಿದ್ದರೆ ಡಿಲೀಟ್ ಕಮಾಂಡ್ ಮುನಿಸಿಕೊಂಡು ಪ್ರೋಗ್ರಾಂ ನಿಲ್ಲಿಸದಿರಲಿ ಎಂದು. ಓಪನ್‌ಗೆ ಫೈಲ್ ಸಿಗದಿದ್ದರೆ ಅದು ಹೊಸದನ್ನು ಹುಟ್ಟಿಸುತ್ತದೆ.

50ನೇ ಸಾಲಿನ ನಂತರ ಪರದೆ ಮೌನವಾಗುವುದನ್ನು ಗಮನಿಸಿ. ರೈಟ್ ಸ್ಥಿತಿಯಲ್ಲಿ ಎಲ್ಲ ಪ್ರಿಂಟ್‌ಗಳೂ ಫೈಲ್‌ಗೇ ಹೋಗುತ್ತವೆ. ಎಲ್ಲವೂ ಎಂದರೆ ಎಲ್ಲವೂ: ನಡುವೆ ಇನ್‌ಪುಟ್ ಹಾಕಿ ಬಳಕೆದಾರನನ್ನು ಏನಾದರೂ ಕೇಳಿದರೆ ಆ ಪ್ರಶ್ನೆಯೂ ಚೀಟಿಯೊಳಗೆ ಸೇರಿಹೋಗುತ್ತದೆ. ಅದನ್ನು ತಡೆಯಲು ಬರಿ ಪ್ರಿಂಟ್ ಡಿ$ ಎಂದರೆ ಸಾಕು. ಖಾಲಿ ಕಮಾಂಡ್, ಆದರೆ ಡಾಸ್ ರೈಟ್ ಸ್ಥಿತಿ ಬಿಟ್ಟು ಹೊರಬರುತ್ತದೆ. ಫೈಲ್ ತೆರೆದೇ ಇರುತ್ತದೆ.

ಕ್ಲೋಸ್ ಮಾತ್ರ ಮರೆಯಬೇಡಿ. ಬರೆದದ್ದು ಮೊದಲು ಮೆಮೊರಿಯ ಬಫರ್‌ನಲ್ಲಿ ಕೂತಿರುತ್ತದೆ, 256 ಬೈಟ್ ತುಂಬಿದಾಗ ಅಥವಾ ಕ್ಲೋಸ್ ಎಂದಾಗ ಡಿಸ್ಕ್‌ಗೆ ಇಳಿಯುತ್ತದೆ. ಒಂದು ಸಂಜೆಯೆಲ್ಲ ಕೂತು ಟೈಪ್ ಮಾಡಿದ ಪಟ್ಟಿಯ ಕೊನೆಯ ತುಂಡನ್ನು ನಾನು ಹೀಗೇ ಕಳೆದುಕೊಂಡಿದ್ದೇನೆ.

ಓದುವುದು, ಎಡವುವುದು

10 ಡಿ$ = ಸಿಎಚ್‌ಆರ್$(4)
20 ಆನ್‌ಎರ್ ಗೋಟು 100
30 ಪ್ರಿಂಟ್ ಡಿ$;"ವೆರಿಫೈ ಸಂತೆ"
40 ಪ್ರಿಂಟ್ ಡಿ$;"ಓಪನ್ ಸಂತೆ"
50 ಪ್ರಿಂಟ್ ಡಿ$;"ರೀಡ್ ಸಂತೆ"
60 ಇನ್‌ಪುಟ್ ಎ$: ಇನ್‌ಪುಟ್ ಪಿ
70 ಪ್ರಿಂಟ್ ಎ$;" ";ಪಿ
80 ಗೋಟು 60
100 ಇ = ಪೀಕ್(222): ಪೋಕ್ 216,0
110 ಪ್ರಿಂಟ್ ಡಿ$;"ಕ್ಲೋಸ್"
120 ಇಫ್ ಇ = 5 ದೆನ್ ಪ್ರಿಂಟ್ "ಮುಗಿಯಿತು": ಎಂಡ್
130 ಇಫ್ ಇ = 6 ದೆನ್ ಪ್ರಿಂಟ್ "ಫೈಲ್ ಇಲ್ಲ": ಎಂಡ್
140 ಪ್ರಿಂಟ್ "ತಪ್ಪು ";ಇ;" ಸಾಲು ";ಪೀಕ್(218) + 256 * ಪೀಕ್(219)

ಆನ್‌ಎರ್ ಎಂಬುದರ ಇಂಗ್ಲಿಷ್ ಕಾಗುಣಿತದಲ್ಲಿ ಆರ್ ಎರಡು ಸಲ ಬರುತ್ತದೆ, ಐದೇ ಅಕ್ಷರ.

ಫೈಲ್ ಮುಗಿಯಿತೇ ಎಂದು ಮೊದಲೇ ಕೇಳುವ ದಾರಿ ಡಾಸ್ 3.3ರ ಬೇಸಿಕ್‌ನಲ್ಲಿ ಇಲ್ಲ. ಗೋಡೆಗೆ ಢಿಕ್ಕಿ ಹೊಡೆದೇ ತಿಳಿಯಬೇಕು, ಆ ಡ್ರೈವ್ ಹೆಡ್‌ನ ಹಾಗೆ. ಡೇಟಾ ಮುಗಿದಾಗ 5ನೇ ತಪ್ಪು ಹುಟ್ಟುತ್ತದೆ, ಅದನ್ನು ಹಿಡಿದು ಮರ್ಯಾದೆಯಿಂದ ಹೊರಬರುತ್ತೇವೆ. 222ನೇ ಬೈಟ್‌ನಲ್ಲಿ ತಪ್ಪಿನ ಸಂಖ್ಯೆ, 218 ಮತ್ತು 219ರಲ್ಲಿ ತಪ್ಪಾದ ಸಾಲು. ಪದೇ ಪದೇ ಕಾಣುವವು: 4 ಎಂದರೆ ಡಿಸ್ಕ್‌ಗೆ ಬರೆಯಲು ಅಡ್ಡಿ ಹಾಕಿದೆ, 6 ಫೈಲ್ ಸಿಗಲಿಲ್ಲ, 8 ಓದುಬರಹದ ತಪ್ಪು, 9 ಡಿಸ್ಕ್ ತುಂಬಿದೆ, 10 ಫೈಲ್ ಲಾಕ್ ಆಗಿದೆ, 12 ಬಫರ್ ಉಳಿದಿಲ್ಲ, 13 ಫೈಲ್ ಜಾತಿ ಬೇರೆ. ಪೋಕ್ 216,0 ಎಂಬುದು ಆನ್‌ಎರ್ ಕಾವಲನ್ನು ತೆಗೆಯುತ್ತದೆ. ಅದನ್ನು ಬಿಟ್ಟರೆ 110ನೇ ಸಾಲಿನಲ್ಲಿ ಮತ್ತೊಂದು ತಪ್ಪಾದಾಗ ಪ್ರೋಗ್ರಾಂ ತನ್ನ ಬಾಲವನ್ನೇ ಅಟ್ಟಿಸಿಕೊಂಡು ಸುತ್ತುತ್ತಿರುತ್ತದೆ.

30ನೇ ಸಾಲಿನ ವೆರಿಫೈ ನನ್ನ ಅಭ್ಯಾಸ; ಫೈಲ್ ಇಲ್ಲದಿದ್ದರೆ ಅಲ್ಲೇ 6ನೇ ತಪ್ಪು ಏಳುತ್ತದೆ. ಅದಿಲ್ಲದೆ ನೇರ ಓಪನ್ ಎಂದರೆ, ಇಲ್ಲದ ಫೈಲ್‌ನ ಹೆಸರಲ್ಲಿ ಖಾಲಿ ಫೈಲ್ ಹುಟ್ಟಿ ಕ್ಯಾಟಲಾಗ್‌ನಲ್ಲಿ ಕಳೆಯಂತೆ ಉಳಿಯುತ್ತದೆ.

ಕಿವಿ ತಪ್ಪಿದಾಗ

ಡಾಸ್ ಕದ್ದು ಕೇಳುತ್ತದೆ ಎಂದೆನಲ್ಲ, ಅದಕ್ಕೆ ಕೇಳಿಸದೇ ಹೋಗುವ ಸಂದರ್ಭಗಳೇ ನಿಮ್ಮ ತಲೆನೋವಿನ ಬಹುಪಾಲು.

ಪ್ರಿಂಟ್ "ಕಾಯಿರಿ"; ಎಂದು ಅರ್ಧವಿರಾಮ ಹಾಕಿ, ಮುಂದಿನ ಸಾಲಿನಲ್ಲಿ ಪ್ರಿಂಟ್ ಡಿ$;"ಕ್ಯಾಟಲಾಗ್" ಬರೆದರೆ ಕ್ಯಾಟಲಾಗ್ ಎಂಬ ಪದ ಪರದೆಯಲ್ಲಿ ಬರುತ್ತದೆ, ಪಟ್ಟಿ ಬರುವುದಿಲ್ಲ. ಕಂಟ್ರೋಲ್-ಡಿ ಸಾಲಿನ ಮೊದಲಲ್ಲಿ ಇಲ್ಲವಲ್ಲ! ಗೆಟ್ ಬಳಸಿ ಒಂದು ಕೀ ಓದಿದ ಮೇಲೂ ಇದೇ ಕಥೆ. ಪರದೆಯಲ್ಲಿ ಏನೂ ಮುದ್ರಿಸಿಲ್ಲ ಎಂದು ನಿಮಗನ್ನಿಸುತ್ತದೆ, ಆದರೆ ಡಾಸ್‌ಗೆ ಹೊಸ ಸಾಲು ಶುರುವಾದದ್ದು ಕಂಡಿಲ್ಲ. ಗೆಟ್ ನಂತರ ಒಂದು ಖಾಲಿ ಪ್ರಿಂಟ್ ಹಾಕುವುದೇ ಮದ್ದು. ಕೆಲವರು ಡಿ$ = ಸಿಎಚ್‌ಆರ್$(13) + ಸಿಎಚ್‌ಆರ್$(4) ಎಂದು ರಿಟರ್ನ್ ಅಕ್ಷರವನ್ನೇ ಅಂಟಿಸಿಕೊಂಡು ನಿಶ್ಚಿಂತೆಯಿಂದ ಇರುತ್ತಾರೆ. ನನಗೆ ಅದು ಸರಿಬರುವುದಿಲ್ಲ: ರೈಟ್ ಸ್ಥಿತಿಯಲ್ಲಿ ಆ ರಿಟರ್ನ್ ಕೂಡ ಫೈಲ್‌ಗೆ ಹೋಗಿ, ಓದುವಾಗ ಎಲ್ಲೆಲ್ಲೋ ಖಾಲಿ ಸಾಲುಗಳು ಎದುರಾಗುತ್ತವೆ.

ಪ್ರಿಂಟರ್‌ಗೆ ಕಳಿಸಲು ಪಿಆರ್#1 ಎಂದು ನೇರವಾಗಿ ಬರೆದರೆ ಬೇಸಿಕ್ 54-55ನೇ ಬೈಟ್‌ಗಳನ್ನೇ ಬದಲಿಸುತ್ತದೆ. ಬಾಗಿಲ ಬಳಿ ನಿಂತವನನ್ನು ಪಕ್ಕಕ್ಕೆ ನೂಕಿದ ಹಾಗೆ. ಅಲ್ಲಿಂದ ಡಿಸ್ಕ್ ಕಮಾಂಡ್‌ಗಳು ನಡೆಯುವುದಿಲ್ಲ. ಪ್ರೋಗ್ರಾಂ ಒಳಗೆ ಯಾವಾಗಲೂ ಪ್ರಿಂಟ್ ಡಿ$;"ಪಿಆರ್#1" ಎಂದೇ ಬರೆಯಿರಿ. ಅಕಸ್ಮಾತ್ ನೂಕಿಬಿಟ್ಟಿದ್ದರೆ ಕಾಲ್ 1002 ಎಂದರೆ ಡಾಸ್ ತನ್ನ ಜಾಗಕ್ಕೆ ವಾಪಸ್ ಬರುತ್ತದೆ.

ಅಲ್ಪವಿರಾಮ ಇನ್ನೊಂದು ಗುಂಡಿ. "ಬೆಲ್ಲ, ಅಚ್ಚು" ಎಂದು ಬರೆದು ಇನ್‌ಪುಟ್‌ನಿಂದ ಓದಿದರೆ ಬೆಲ್ಲ ಸಿಗುತ್ತದೆ, ಅಚ್ಚು ಮಾಯ. ಇನ್‌ಪುಟ್‌ಗೆ ಮಾತು ಕೀಬೋರ್ಡ್‌ನಿಂದ ಬಂತೋ ಡಿಸ್ಕ್‌ನಿಂದ ಬಂತೋ ಎಂಬ ಭೇದ ಗೊತ್ತಿಲ್ಲ, ಅಲ್ಪವಿರಾಮವನ್ನು ಎಲ್ಲಿದ್ದರೂ ಬೇಲಿ ಎಂದೇ ತಿಳಿಯುತ್ತದೆ. ಬರೆಯುವಾಗಲೇ ಪ್ರಿಂಟ್ ಸಿಎಚ್‌ಆರ್$(34);ಎ$;ಸಿಎಚ್‌ಆರ್$(34) ಎಂದು ಉದ್ಧರಣ ಚಿಹ್ನೆಗಳ ನಡುವೆ ಕೂರಿಸಿ.

ಎಲ್ಲಿ ಏನಾಗುತ್ತಿದೆ ಎಂದು ತೋಚದಿದ್ದರೆ ಮಾನ್ ಸಿ,ಐ,ಒ ಎಂದು ಹೊಡೆದು ಓಡಿಸಿ. ಡಾಸ್‌ಗೆ ಹೋಗುವ ಕಮಾಂಡ್, ಡಿಸ್ಕ್‌ನಿಂದ ಬರುವುದು, ಡಿಸ್ಕ್‌ಗೆ ಹೋಗುವುದು ಮೂರೂ ಪರದೆಯಲ್ಲಿ ಕಾಣುತ್ತವೆ. ಆರಿಸಲು ನೋಮಾನ್ ಸಿ,ಐ,ಒ.

ಬಫರ್‌ಗಳ ಮಾತು ಬಂತು. 48ಕೆ (48 ಕಿಲೋಬೈಟ್ ಮೆಮೊರಿಯ) ಯಂತ್ರದಲ್ಲಿ ಡಾಸ್ 38400ರಿಂದ 49151ರವರೆಗೆ 10,752 ಬೈಟ್ ಆಕ್ರಮಿಸಿಕೊಳ್ಳುತ್ತದೆ. ಅದರಲ್ಲಿ ಮೂರು ಫೈಲ್ ಬಫರ್, ಒಂದೊಂದೂ 595 ಬೈಟ್. ನಾಲ್ಕನೇ ಫೈಲ್ ಒಟ್ಟಿಗೆ ತೆರೆಯಬೇಕಾದರೆ ಮ್ಯಾಕ್ಸ್‌ಫೈಲ್ಸ್ 4 ಎನ್ನಬೇಕು. ಡಾಸ್‌ನ ಬೇಲಿ 595 ಬೈಟ್ ಕೆಳಗಿಳಿಯುತ್ತದೆ. ಅದೇ ಜಾಗದಲ್ಲಿ ಬೇಸಿಕ್ ತನ್ನ ಸ್ಟ್ರಿಂಗ್‌ಗಳನ್ನು (ಎ$ನಂಥ ಅಕ್ಷರಗಳ ಸಾಲುಗಳನ್ನು) ಇಟ್ಟಿರುತ್ತದೆ, ಆದ್ದರಿಂದ ಈ ಕಮಾಂಡ್ ಪ್ರೋಗ್ರಾಂನ ಮೊದಲ ಸಾಲಿನಲ್ಲೇ ಇರಲಿ.

ಸಂಖ್ಯೆ ಹೇಳಿ ತೆಗೆಯುವ ಫೈಲ್

ಮನೆಯ ಪುಸ್ತಕಗಳ ಪಟ್ಟಿ ಎಂದಿಟ್ಟುಕೊಳ್ಳಿ. ನೂರನೇ ಹೆಸರಿಗಾಗಿ ತೊಂಬತ್ತೊಂಬತ್ತನ್ನು ಓದುವುದು ಯಾರಿಗೆ ಬೇಕು?

10 ಡಿ$ = ಸಿಎಚ್‌ಆರ್$(4)
20 ಇನ್‌ಪುಟ್ "ಸಂಖ್ಯೆ: ";ಎನ್
30 ಇನ್‌ಪುಟ್ "ಹೆಸರು: ";ಎ$
40 ಇಫ್ ಲೆನ್(ಎ$) > 39 ದೆನ್ 30
50 ಪ್ರಿಂಟ್ ಡಿ$;"ಓಪನ್ ಪುಸ್ತಕ,ಎಲ್40"
60 ಪ್ರಿಂಟ್ ಡಿ$;"ರೈಟ್ ಪುಸ್ತಕ,ಆರ್";ಎನ್
70 ಪ್ರಿಂಟ್ ಎ$
80 ಪ್ರಿಂಟ್ ಡಿ$;"ಕ್ಲೋಸ್ ಪುಸ್ತಕ"

ಎಲ್40 ಎಂದರೆ ಪ್ರತಿ ದಾಖಲೆಗೆ 40 ಬೈಟ್. ಕೊನೆಯ ರಿಟರ್ನ್ ಕೂಡ ಅದರೊಳಗೇ ಬರುವುದರಿಂದ ನಿಮಗೆ ಸಿಗುವುದು 39. ಮೀರಿದರೆ ಡಾಸ್ ಗದರುವುದಿಲ್ಲ, ಸದ್ದಿಲ್ಲದೆ ಮುಂದಿನವರ ಮನೆಗೆ ನುಗ್ಗುತ್ತದೆ. ಅದಕ್ಕೇ 40ನೇ ಸಾಲು. ಲೆಕ್ಕ ಸರಳ: 25ನೇ ದಾಖಲೆ 25 × 40 = 1000ನೇ ಬೈಟ್‌ನಿಂದ ಶುರು. 256ರ ಸೆಕ್ಟರ್‌ಗಳಲ್ಲಿ ಎಣಿಸಿದರೆ ಸೊನ್ನೆಯಿಂದ ಮೂರನೆಯದರ 232ನೇ ಬೈಟ್. ಅಲ್ಲಿ ಉಳಿದಿರುವುದು 24 ಬೈಟ್ ಮಾತ್ರ, ಹಾಗಾಗಿ ಈ ದಾಖಲೆ ಎರಡು ಸೆಕ್ಟರ್‌ಗಳ ಮೇಲೆ ಕಾಲು ಚಾಚಿರುತ್ತದೆ. ಉದ್ದ 32 ಅಥವಾ 64 ಇಟ್ಟರೆ ಹಾಗಾಗುವುದಿಲ್ಲ, ಡ್ರೈವ್‌ಗೂ ಓಡಾಟ ಕಡಿಮೆ.

ಇಲ್ಲಿನ ನಿಜವಾದ ಮೋಸ ಬೇರೆ. 40 ಎಂಬ ಸಂಖ್ಯೆಯನ್ನು ಡಾಸ್ ಡಿಸ್ಕ್‌ನಲ್ಲಿ ಎಲ್ಲೂ ಬರೆದಿಡುವುದಿಲ್ಲ. ಪ್ರತಿ ಓಪನ್‌ಗೂ ಅದೇ ಉದ್ದವನ್ನು ನೀವೇ ಹೇಳಬೇಕು. ಆರು ತಿಂಗಳ ನಂತರ ಎಲ್50 ಎಂದರೆ ಡಾಸ್ ನಗುನಗುತ್ತಾ ಅಡ್ಡಾದಿಡ್ಡಿ ತುಂಡುಗಳನ್ನು ಕೊಡುತ್ತದೆ. ಫೈಲ್ ಹೆಸರಿನಲ್ಲೇ ಉದ್ದ ಸೇರಿಸಿ, ಪುಸ್ತಕ.40 ಎಂದು. ಹೆಸರಿಗೆ 30 ಅಕ್ಷರದ ಜಾಗವಿದೆ, ಜಿಪುಣತನ ಬೇಡ.

ಡಿಸ್ಕಿನ ನಕ್ಷೆ

ಇಲ್ಲಿಯವರೆಗೆ ಬಾಗಿಲ ಬಳಿಯ ಮಾತಾಯಿತು. ಈಗ ಒಳಗೆ ಹೋಗೋಣ.

ಡಿಸ್ಕ್‌ನಲ್ಲಿ 35 ಟ್ರ್ಯಾಕ್ (ಒಂದರೊಳಗೊಂದು ವೃತ್ತಗಳು), ಪ್ರತಿ ಟ್ರ್ಯಾಕ್‌ಗೆ 16 ಸೆಕ್ಟರ್, ಪ್ರತಿ ಸೆಕ್ಟರ್‌ಗೆ 256 ಬೈಟ್: ಒಟ್ಟು 1,43,360. ಡಾಸ್ 3.2ರವರೆಗೆ ಟ್ರ್ಯಾಕ್‌ಗೆ 13 ಸೆಕ್ಟರ್ ಇತ್ತು. ಬೈಟ್‌ಗಳನ್ನು ಕಾಂತಪಟ್ಟಿಗೆ ಇಳಿಸುವ ಸಂಕೇತ ಪದ್ಧತಿ ಬದಲಿಸಿ, ಕಂಟ್ರೋಲರ್ ಕಾರ್ಡ್‌ನ ಚಿಪ್‌ಗಳನ್ನು ಬದಲಾಯಿಸಿ, ಅದೇ ಡ್ರೈವ್‌ನಿಂದ 16 ಹಿಂಡಿದರು. ಟ್ರ್ಯಾಕ್ 0, 1, 2ರಲ್ಲಿ ಡಾಸ್ ಇರುತ್ತದೆ. ಟ್ರ್ಯಾಕ್ 17 ನಟ್ಟನಡುವಿನದು, ಹೆಡ್ ಎಲ್ಲಿಂದ ಹೊರಟರೂ ಹತ್ತಿರವೆಂದು ಲೆಕ್ಕದ ಪುಸ್ತಕವನ್ನು ಅಲ್ಲಿಟ್ಟರು. ನಮಗೆ ಉಳಿಯುವುದು 31 ಟ್ರ್ಯಾಕ್, 496 ಸೆಕ್ಟರ್.

ಟ್ರ್ಯಾಕ್ 17, ಸೆಕ್ಟರ್ 0ರಲ್ಲಿ ಖಾಲಿ ಜಾಗದ ಪಟ್ಟಿ. ಅದರ 56ನೇ ಬೈಟ್‌ನಿಂದ ಪ್ರತಿ ಟ್ರ್ಯಾಕ್‌ಗೆ 4 ಬೈಟ್, ಅವುಗಳಲ್ಲಿ ಮೊದಲ ಎರಡು ಮಾತ್ರ ಬಳಕೆಯಲ್ಲಿವೆ: 16 ಬಿಟ್, 16 ಸೆಕ್ಟರ್. ಬಿಟ್ 1 ಆಗಿದ್ದರೆ ಆ ಸೆಕ್ಟರ್ ಖಾಲಿ. ಫೈಲ್ ಹೆಸರುಗಳು ಅದೇ ಟ್ರ್ಯಾಕ್‌ನ ಸೆಕ್ಟರ್ 15ರಿಂದ ಕೆಳಗಿಳಿದು 1ರವರೆಗೆ. ಪ್ರತಿ ಕ್ಯಾಟಲಾಗ್ ಸೆಕ್ಟರ್‌ನ 1 ಮತ್ತು 2ನೇ ಬೈಟ್ ಮುಂದಿನ ಸೆಕ್ಟರ್ ಎಲ್ಲಿದೆ ಎನ್ನುತ್ತವೆ. 11ನೇ ಬೈಟ್‌ನಿಂದ 35 ಬೈಟ್‌ಗಳ 7 ನಮೂದು, ಅಂದರೆ ಒಂದು ಡಿಸ್ಕ್‌ಗೆ 105 ಫೈಲ್. ನಮೂದಿನ ಮೊದಲ ಎರಡು ಬೈಟ್ ಫೈಲ್‌ನ ಸೆಕ್ಟರ್ ಪಟ್ಟಿ ಇರುವ ಟ್ರ್ಯಾಕ್ ಮತ್ತು ಸೆಕ್ಟರ್. ಮುಂದಿನದು ಫೈಲ್ ಜಾತಿ, ಲಾಕ್ ಆಗಿದ್ದರೆ ಅದಕ್ಕೆ 128 ಕೂಡಿರುತ್ತದೆ. ಆಮೇಲೆ 30 ಬೈಟ್ ಹೆಸರು. ಕೊನೆಯ ಎರಡು ಬೈಟ್ ಉದ್ದ. ಅಕ್ಷರಗಳಿಗೆಲ್ಲ 128 ಕೂಡಿರುವುದು ಆಪಲ್‌ನ ರೂಢಿ.

ಎರಡೇ ಸಾಲಿನ ಫೈಲ್ ಕೂಡ 2 ಸೆಕ್ಟರ್ ತಿನ್ನುವುದು ಏಕೆಂದು ಈಗ ಗೊತ್ತಾಯಿತಲ್ಲ: ಒಂದು ಅದರ ಪಟ್ಟಿಗೆ, ಇನ್ನೊಂದು ಹೂರಣಕ್ಕೆ.

ಇದನ್ನೆಲ್ಲ ಇಂದಿನ ಕಂಪ್ಯೂಟರ್‌ನಲ್ಲೂ ನೋಡಬಹುದು. ಡಾಸ್ ಕ್ರಮದ ಡಿಸ್ಕ್ ಇಮೇಜ್ ಫೈಲ್‌ನಲ್ಲಿ ಯಾವುದೇ ಸೆಕ್ಟರ್‌ನ ಜಾಗ (ಟ್ರ್ಯಾಕ್ × 16 + ಸೆಕ್ಟರ್) × 256. ಟ್ರ್ಯಾಕ್ 17, ಸೆಕ್ಟರ್ 0 ಎಂದರೆ 69,632ನೇ ಬೈಟ್.

ಸೆಕ್ಟರ್‌ಗೆ ನೇರ ಕೈ ಹಾಕುವುದು

ಡಾಸ್‌ನ ತಳದಲ್ಲಿ ಆರ್‌ಡಬ್ಲ್ಯೂಟಿಎಸ್ (ರೀಡ್/ರೈಟ್ ಟ್ರ್ಯಾಕ್ ಸೆಕ್ಟರ್) ಎಂಬ ಭಾಗವಿದೆ. ಟ್ರ್ಯಾಕ್, ಸೆಕ್ಟರ್ ಹೇಳಿದರೆ 256 ಬೈಟ್ ತಂದುಕೊಡುವುದು, ಇಲ್ಲವೇ ಬರೆಯುವುದು, ಅಷ್ಟೇ ಅದರ ಕೆಲಸ. ಅದಕ್ಕೆ ಒಂದು ಅರ್ಜಿ ನಮೂನೆ ತುಂಬಿ ಕೊಡಬೇಕು. 48ಕೆ ಯಂತ್ರದಲ್ಲಿ ಡಾಸ್ ಬಳಸುವ ನಮೂನೆ 47080ನೇ ಬೈಟ್‌ನಿಂದ ಶುರು. ಅದನ್ನೇ ನಾವೂ ತುಂಬೋಣ. 47083ರಲ್ಲಿ ವಾಲ್ಯೂಮ್ ಸಂಖ್ಯೆ (0 ಎಂದರೆ ಯಾವುದಾದರೂ ಸರಿ), 47084ರಲ್ಲಿ ಟ್ರ್ಯಾಕ್, 47085ರಲ್ಲಿ ಸೆಕ್ಟರ್, 47088 ಮತ್ತು 47089ರಲ್ಲಿ ಬಫರ್ ವಿಳಾಸ, 47092ರಲ್ಲಿ ಆಜ್ಞೆ: 1 ಓದು, 2 ಬರೆ. 4 ಎಂದರೆ ಇಡೀ ಡಿಸ್ಕನ್ನು ಫಾರ್ಮ್ಯಾಟ್ ಮಾಡು ಎಂದರ್ಥ, ಬೆರಳು ಜಾರದಿರಲಿ. ತಪ್ಪಾದರೆ ಅದರ ಸಂಕೇತ 47093ರಲ್ಲಿ: 16 ಬರೆಯಲು ಅಡ್ಡಿ, 32 ವಾಲ್ಯೂಮ್ ಬೇರೆ, 64 ಡ್ರೈವ್ ತೊಂದರೆ, 128 ಓದಲಾಗಲಿಲ್ಲ.

ಕರೆಯಲು 14 ಬೈಟ್‌ಗಳ ಮೆಷಿನ್ ಕೋಡ್ ಸಾಕು.

5 ಲೋಮೆಮ್: 8448
10 ಫಾರ್ ಐ = 0 ಟು 13: ರೀಡ್ ಬಿ: ಪೋಕ್ 768 + ಐ,ಬಿ: ನೆಕ್ಸ್ಟ್
20 ಡೇಟಾ 32,227,3,32,217,3,169,0,133,72,42,133,6,96
30 ಗೋಟು 100
500 ಪೋಕ್ 47083,0: ಪೋಕ್ 47088,0: ಪೋಕ್ 47089,32
510 ಪೋಕ್ 47084,ಟಿ: ಪೋಕ್ 47085,ಎಸ್: ಪೋಕ್ 47092,ಎಂ: ಕಾಲ್ 768
520 ಇಫ್ ಪೀಕ್(6) = 1 ದೆನ್ ಪ್ರಿಂಟ್ "ತಪ್ಪು ";ಪೀಕ್(47093): ಎಂಡ್
530 ರಿಟರ್ನ್

ಆ 14 ಬೈಟ್ ಏನು ಮಾಡುತ್ತವೆ? 32,227,3 ಎಂದರೆ 995ಕ್ಕೆ ಹೋಗಿ ಅರ್ಜಿಯ ವಿಳಾಸ ಕೇಳು. 32,217,3 ಎಂದರೆ 985ಕ್ಕೆ ಹೋಗಿ ಅರ್ಜಿ ಕೊಡು. ಈ ಎರಡು ಬಾಗಿಲುಗಳನ್ನು ಡಾಸ್ ಇಂಥ ಕೆಲಸಕ್ಕೆಂದೇ ಇಟ್ಟಿದೆ. 169,0,133,72 ಸೇರಿ 72ನೇ ಬೈಟ್‌ಗೆ ಸೊನ್ನೆ ಹಾಕುತ್ತವೆ. ಆರ್‌ಡಬ್ಲ್ಯೂಟಿಎಸ್ ಆ ಜಾಗವನ್ನು ಬಳಸಿ ಹಾಗೇ ಬಿಟ್ಟು ಹೋಗುತ್ತದೆ, ಆದರೆ ರೋಮ್‌ನಲ್ಲಿರುವ ಮಾನಿಟರ್ ಎಂಬ ಮೂಲ ಪ್ರೋಗ್ರಾಂಗೂ ಅದೇ ಜಾಗ ಬೇಕು. ತಪ್ಪಾಗಿದ್ದರೆ ಪ್ರೊಸೆಸರ್‌ನ ಕ್ಯಾರಿ ಬಿಟ್ ಎದ್ದಿರುತ್ತದೆ; 42 ಅದನ್ನು ಒಳಗೆಳೆದುಕೊಂಡು, 133,6 ಅದನ್ನು 6ನೇ ಬೈಟ್‌ನಲ್ಲಿಟ್ಟು, 96 ಮನೆಗೆ ಮರಳುತ್ತದೆ. ತಪ್ಪಿನ ಸಂಕೇತವನ್ನು ಮಾತ್ರ ನಂಬಬೇಡಿ. ಮೊದಲು ಕ್ಯಾರಿ, ಆಮೇಲೆ ಸಂಕೇತ.

ಬಫರ್ ಇರುವುದು 32 × 256 = 8192ರಲ್ಲಿ. ಇನ್ನು 5ನೇ ಸಾಲು, ನನ್ನಿಂದ ಒಂದು ಭಾನುವಾರ ಕಿತ್ತುಕೊಂಡ ಸಾಲು. ಅದಿಲ್ಲದೆ ಸಣ್ಣ ಡಿಸ್ಕ್‌ಗಳಲ್ಲಿ ಎಲ್ಲ ಸರಿಯಾಗಿ ಕಾಣುತ್ತಿತ್ತು, ಎಪ್ಪತ್ತರ ಆಸುಪಾಸು ಫೈಲ್‌ಗಳ ನಂತರ ಹೆಸರುಗಳು ಕಲಸುಮೇಲೋಗರ. ಆಪಲ್‌ಸಾಫ್ಟ್‌ನಲ್ಲಿ ಒಂದೊಂದೇ ಅಕ್ಷರ ಸೇರಿಸಿ 29 ಅಕ್ಷರದ ಹೆಸರು ಕಟ್ಟಿದರೆ ಪ್ರತಿ ಹೆಜ್ಜೆಯ ಹಳೆಯ ಪ್ರತಿಯೂ ಮೆಮೊರಿಯಲ್ಲಿ ಕಸವಾಗಿ ಉಳಿಯುತ್ತದೆ: 1 + 2 + … + 29 = 435 ಬೈಟ್. 38400ರಿಂದ ಕೆಳಗಿಳಿಯುವ ಆ ಕಸ ಸುಮಾರು 69 ಹೆಸರುಗಳಲ್ಲಿ 8192ರ ಬಫರ್ ಮೇಲೇ ಸುರಿಯುತ್ತಿತ್ತು. ಲೋಮೆಮ್ ಎಂಬುದು ವೇರಿಯಬಲ್‌ಗಳ ನೆಲವನ್ನು ಬಫರ್‌ಗಿಂತ ಮೇಲಕ್ಕೆತ್ತುತ್ತದೆ. ಕಸ ಅಲ್ಲಿಗೇ ನಿಂತು ಗುಡಿಸಿಹೋಗುತ್ತದೆ.

ಮೊದಲ ಉಪಯೋಗ, ಮೇಲಿನ ಪ್ರೋಗ್ರಾಂಗೇ ಈ ಸಾಲುಗಳನ್ನು ಸೇರಿಸಿ ಖಾಲಿ ಸೆಕ್ಟರ್ ಎಣಿಸುವುದು. ಡಾಸ್ 3.3ರ ಕ್ಯಾಟಲಾಗ್ ಇದನ್ನು ತೋರಿಸುವುದೇ ಇಲ್ಲ.

100 ಟಿ = 17: ಎಸ್ = 0: ಎಂ = 1: ಗೋಸಬ್ 500
110 ಎಫ್ = 0: ಫಾರ್ ಐ = 0 ಟು 34: ಫಾರ್ ಜೆ = 0 ಟು 1
120 ಬಿ = ಪೀಕ್(8248 + 4 * ಐ + ಜೆ)
130 ಇಫ್ ಬಿ > 0 ದೆನ್ ಎಫ್ = ಎಫ್ + ಬಿ - 2 * ಐಎನ್‌ಟಿ(ಬಿ / 2): ಬಿ = ಐಎನ್‌ಟಿ(ಬಿ / 2): ಗೋಟು 130
140 ನೆಕ್ಸ್ಟ್ ಜೆ: ನೆಕ್ಸ್ಟ್ ಐ
150 ಪ್ರಿಂಟ್ "ಖಾಲಿ ";ಎಫ್

ಹಲೋ ಒಂದೇ ಇರುವ ಹೊಸ ಡಿಸ್ಕ್‌ನಲ್ಲಿ 494 ಬಂದರೆ ನಿಮ್ಮ ಟೈಪಿಂಗ್ ಸರಿಯಾಗಿದೆ. ಪ್ರೋಗ್ರಾಂ ಮತ್ತು ಸಂತೆ, ಪುಸ್ತಕ ಫೈಲ್‌ಗಳನ್ನೂ ಇದೇ ಡಿಸ್ಕ್‌ಗೆ ಹಾಕಿದ್ದರೆ ಅವುಗಳ ಸೆಕ್ಟರ್‌ಗಳನ್ನು ಕಳೆಯಿರಿ.

ಅಳಿಸಿದ್ದನ್ನು ಎಬ್ಬಿಸುವುದು

ಡಿಲೀಟ್ ಎಂದಾಗ ಡಾಸ್ ಫೈಲ್‌ನ ಹೂರಣ ಮುಟ್ಟುವುದಿಲ್ಲ. ನಮೂದಿನ ಮೊದಲ ಬೈಟ್‌ನಲ್ಲಿದ್ದ ಟ್ರ್ಯಾಕ್ ಸಂಖ್ಯೆಯನ್ನು ಹೆಸರಿನ ಕೊನೆಯ, ಅಂದರೆ ಮೂವತ್ತನೇ ಅಕ್ಷರದ ಜಾಗಕ್ಕೆ ಎತ್ತಿಟ್ಟು, ಮೊದಲ ಬೈಟ್‌ಗೆ 255 ಬರೆಯುತ್ತದೆ. ಸೆಕ್ಟರ್‌ಗಳನ್ನು ಖಾಲಿ ಎಂದು ಗುರುತು ಹಾಕುತ್ತದೆ. ಟ್ರ್ಯಾಕ್ ಸಂಖ್ಯೆಯನ್ನು ಎಸೆಯದೆ ಎತ್ತಿಟ್ಟಿದ್ದು ಬರೆದವರ ದೊಡ್ಡ ಮನಸ್ಸು.

ಮೊದಲು ಪಟ್ಟಿ, ಅದೇ ಪ್ರೋಗ್ರಾಂನ ಮುಂದುವರಿಕೆ:

200 ಟಿ = ಪೀಕ್(8193): ಎಸ್ = ಪೀಕ್(8194): ಇಫ್ ಟಿ = 0 ದೆನ್ ಎಂಡ್
210 ಗೋಸಬ್ 500
220 ಫಾರ್ ಇ = 0 ಟು 6: ಪಿ = 8203 + 35 * ಇ
230 ಕೆ = ಪೀಕ್(ಪಿ): ಇಫ್ ಕೆ = 0 ದೆನ್ ಎಂಡ್
240 ಎನ್$ = "": ಫಾರ್ ಜೆ = 3 ಟು 31
250 ಸಿ = ಪೀಕ್(ಪಿ + ಜೆ): ಇಫ್ ಸಿ > 127 ದೆನ್ ಸಿ = ಸಿ - 128
260 ಎನ್$ = ಎನ್$ + ಸಿಎಚ್‌ಆರ್$(ಸಿ): ನೆಕ್ಸ್ಟ್ ಜೆ
270 ಇಫ್ ಕೆ = 255 ದೆನ್ ಪ್ರಿಂಟ್ "* ";ಎನ್$;" ";ಎಸ್;" ";ಇ
280 ಇಫ್ ಕೆ < 255 ದೆನ್ ಪ್ರಿಂಟ್ "  ";ಎನ್$
290 ನೆಕ್ಸ್ಟ್ ಇ: ಗೋಟು 200

200ನೇ ಸಾಲು ಒಂದೇ ಆದರೂ ಎರಡು ಕೆಲಸ ಮಾಡುತ್ತದೆ: ಖಾಲಿ ಜಾಗದ ಪಟ್ಟಿಯಲ್ಲೂ ಕ್ಯಾಟಲಾಗ್ ಸೆಕ್ಟರ್‌ನಲ್ಲೂ ಮುಂದಿನ ಕೊಂಡಿ ಅದೇ 1 ಮತ್ತು 2ನೇ ಬೈಟ್‌ನಲ್ಲಿದೆ. ನಕ್ಷತ್ರ ಬಿದ್ದ ಹೆಸರುಗಳು ಅಳಿಸಿದ ಫೈಲ್‌ಗಳು, ಅವುಗಳ ಮುಂದೆ ಸೆಕ್ಟರ್ ಮತ್ತು ನಮೂದಿನ ಸಂಖ್ಯೆ. ಬೇಕಾದ್ದನ್ನು ಗುರುತು ಹಾಕಿಕೊಂಡು ಗೋಟು 300 ಎನ್ನಿ.

300 ಇನ್‌ಪುಟ್ "ಸೆಕ್ಟರ್, ನಮೂದು: ";ಎಸ್,ಇ
310 ಟಿ = 17: ಎಂ = 1: ಗೋಸಬ್ 500
320 ಪಿ = 8203 + 35 * ಇ: ಇಫ್ ಪೀಕ್(ಪಿ) < 255 ದೆನ್ ಪ್ರಿಂಟ್ "ಅಳಿಸಿಲ್ಲ": ಎಂಡ್
330 ಪೋಕ್ ಪಿ,ಪೀಕ್(ಪಿ + 32): ಪೋಕ್ ಪಿ + 32,160
340 ಎಂ = 2: ಗೋಸಬ್ 500
350 ಎಂಡ್

160 ಎಂದರೆ 128 ಕೂಡಿದ ಖಾಲಿ ಅಕ್ಷರ. ಈ ಪ್ರೋಗ್ರಾಂ ಅನ್ನು ಡಿಸ್ಕ್ ಕೆಡುವ ಮುಂಚೆಯೇ ಬೇರೆ ಡಿಸ್ಕ್‌ನಲ್ಲಿ ಉಳಿಸಿಟ್ಟಿರಬೇಕು. ಫೈಲ್ ಕಳೆದುಕೊಂಡ ಡಿಸ್ಕ್‌ಗೇ ಸೇವ್ ಮಾಡಲು ಹೋದರೆ ಕಳೆದ ಫೈಲ್‌ನ ಮೇಲೇ ಕೂರುವ ಸಾಧ್ಯತೆ ಇದೆ.

ಎದ್ದ ಫೈಲ್ ಕ್ಯಾಟಲಾಗ್‌ನಲ್ಲಿ ಕಂಡಿತೆಂದು ಸಂಭ್ರಮಿಸುವ ಮೊದಲು ವೆರಿಫೈ ಮಾಡಿ. ಸೆಕ್ಟರ್‌ಗಳೆಲ್ಲ ಓದಲು ಬರುತ್ತವೆ ಎಂದಷ್ಟೇ ಅದು ಹೇಳುತ್ತದೆ, ಒಳಗೆ ನಿಮ್ಮದೇ ಮಾತಿದೆಯೇ ಎಂದು ಹೇಳುವುದಿಲ್ಲ. ಅದನ್ನು ಲೋಡ್ ಮಾಡಿ, ಲಿಸ್ಟ್ ಮಾಡಿ, ನೀವೇ ನೋಡಬೇಕು. ನಾವು ನಮೂದನ್ನು ಮಾತ್ರ ಸರಿಪಡಿಸಿದ್ದೇವೆ. ಖಾಲಿ ಜಾಗದ ಪಟ್ಟಿಯಲ್ಲಿ ಆ ಸೆಕ್ಟರ್‌ಗಳು ಇನ್ನೂ ಯಾರು ಬೇಕಾದರೂ ಬಂದು ಕೂರಬಹುದಾದ ಜಾಗಗಳೇ. ಆದ್ದರಿಂದ ಲೋಡ್ ಆದ ಕೂಡಲೇ, ಡಿ1 ಸೇರಿಸಿ, ಇನ್ನೊಂದು ಡ್ರೈವ್‌ನ ಡಿಸ್ಕ್‌ಗೆ ಸೇವ್ ಮಾಡಿ. ಅದಾಗುವವರೆಗೆ ಹಳೆಯ ಡಿಸ್ಕ್‌ಗೆ ಒಂದಕ್ಷರವನ್ನೂ ಬರೆಯಬೇಡಿ.